ನೀರಿನ ಬಾಟಲಿಯಲ್ಲಿ ನೀರೇ ಇರಲಿ

ಸಂಪಾದಕರಿಗೆ ನಮಸ್ಕಾರ.

ಲಾಕ್‌ಡೌನ್ ಶುರುವಾಗಿ ಐದು ವರ್ಷ ಆಯಿತು ಅಂತ ನೀವು ಮಾಡಿದ್ದ ವಿಶೇಷ ಪುಟ ಓದಿದೆ. ಗಂಟುಮೂಟೆ ಹೊತ್ತು ಊರಿಗೆ ನಡೆದವರು, ಮೊಬೈಲಿನಲ್ಲೇ ಒಂದನೇ ಕ್ಲಾಸು ಮುಗಿಸಿದ ಮಕ್ಕಳು, ಆಕ್ಸಿಜನ್ ಸಿಲಿಂಡರಿಗೆ ರಾತ್ರಿಯೆಲ್ಲ ಅಲೆದವರು, ಎಲ್ಲರ ಕಥೆಯೂ ಇತ್ತು. ಚೆನ್ನಾಗಿತ್ತು. ಆದರೆ ಆ ಎರಡು ವರ್ಷ ನಾನು ಕಣ್ಣಾರೆ ಕಂಡ ಒಂದು ವಿಷಯ ಮಾತ್ರ ಅದರಲ್ಲಿ ಇರಲಿಲ್ಲ. ಅದು ವಿಷದ ವಿಷಯ. ಕೊರೊನಾವನ್ನೇ ವಿಷ ಅನ್ನುತ್ತಾರಲ್ಲ, ಹಾಗಲ್ಲ. ನಿಜವಾದ ವಿಷ. ಕುಡಿದದ್ದು, ನುಂಗಿದ್ದು, ಬಚ್ಚಲುಮನೆಯಲ್ಲಿ ಉಸಿರಿಗೆ ಎಳೆದುಕೊಂಡದ್ದು. ಪತ್ರ ಸ್ವಲ್ಪ ಉದ್ದ ಆಗುತ್ತದೆ. ಕತ್ತರಿ ಹಾಕುವುದಿದ್ದರೆ ಹಾಕಿ, ಕೊನೆಯಲ್ಲಿರುವ ಫೋನ್ ನಂಬರನ್ನು ಮಾತ್ರ ಬಿಡಬೇಡಿ.

ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಮೂವತ್ತು ವರ್ಷ ದಾಟಿದ ಸರ್ವೀಸು, ಅದರಲ್ಲಿ ಮುಕ್ಕಾಲು ಪಾಲು ಕ್ಯಾಶುವಾಲ್ಟಿಯಲ್ಲೇ ಕಳೆಯಿತು. ಈಗ ರಿಟೈರ್ ಆಗಿದ್ದೇನೆ. ಬೀದಿಯವರು ಮಾತ್ರ ಈಗಲೂ ಸಿಸ್ಟರ್ ಅಂತಲೇ ಕರೆಯುತ್ತಾರೆ, ಸಂಜೆ ಹೊತ್ತು ಬಿಪಿ ನೋಡಿಸಿಕೊಂಡು ಹೋಗುತ್ತಾರೆ.

ಕೊರೊನಾಕ್ಕೆ ಮೊದಲು ಯಾವ ವಿಷ ಯಾವಾಗ ಬಾಗಿಲಿಗೆ ಬರುತ್ತದೆ ಅಂತ ನಮಗೆ ಹೆಚ್ಚುಕಮ್ಮಿ ಗೊತ್ತಿರುತ್ತಿತ್ತು. ಆನೇಕಲ್, ಮಾಗಡಿ, ಹೊಸಕೋಟೆ ಕಡೆಯಿಂದ ಹೊಲಕ್ಕೆ ಹೊಡೆಯುವ ಔಷಧಿ ಕುಡಿದವರು ಬರುತ್ತಿದ್ದರು. ಹಳ್ಳಿ ಕಡೆ ಕೀಟನಾಶಕಕ್ಕೆ ಔಷಧಿ ಅಂತಲೇ ಹೆಸರು. 'ಔಷಧಿ ಕುಡಿದ್ಬಿಟ್ಟವ್ನೆ ಸಿಸ್ಟರ್' ಅಂದರೆ ಏನರ್ಥ ಅಂತ ಹೊಸದಾಗಿ ಬಂದ ಹೌಸ್ ಸರ್ಜನ್‌ಗೆ ನಾವೇ ಬಿಡಿಸಿ ಹೇಳಬೇಕಿತ್ತು. ಪಿಯುಸಿ ರಿಸಲ್ಟ್ ಬಂದ ದಿನ ಮಾತ್ರೆ ನುಂಗಿದ ಮಕ್ಕಳು. ಮಳೆ ಹಿಡಿದರೆ ಹಾವು ಕಡಿದವರು. ದೇವರ ಮನೆಯ ಕರ್ಪೂರವನ್ನೋ ಬೀರುವಿನ ನುಸಿಗುಳಿಗೆಯನ್ನೋ ಬಾಯಿಗೆ ಹಾಕಿಕೊಂಡ ಕೂಸುಗಳು. ಮನೆಮನೆಗೆ ಗ್ಯಾಸ್ ಬಂದ ಮೇಲೆ ಸೀಮೆಎಣ್ಣೆ ಕುಡಿದ ಮಕ್ಕಳು ಬರುವುದು ಮಾತ್ರ ಕಡಿಮೆಯಾಗಿತ್ತು.

ಇದರಲ್ಲಿ ನಮ್ಮ ಮೊದಲ ಟೆಸ್ಟು ಮೂಗು. ಲ್ಯಾಬ್ ರಿಪೋರ್ಟ್ ಬರುವವರೆಗೆ ವಿಷ ಕಾಯುತ್ತಾ ಕೂರುವುದಿಲ್ಲ, ಅಲ್ವಾ? ಸ್ಟ್ರೆಚರ್ ಪಕ್ಕಕ್ಕೆ ಬಂದ ಕೂಡಲೇ ಜಜ್ಜಿದ ಬೆಳ್ಳುಳ್ಳಿ ಥರ ನಾತ ಹೊಡೆದರೆ, ಜೊಲ್ಲು ಸುರಿಯುತ್ತಿದ್ದರೆ, ಟಾರ್ಚ್ ಬಿಟ್ಟು ನೋಡಿದಾಗ ಕಣ್ಣಿನ ಪಾಪೆ ಸಾಸಿವೆ ಕಾಳಿಗಿಂತ ಚಿಕ್ಕದಾಗಿದ್ದರೆ, ಅದು ಕೀಟನಾಶಕವೇ ಅಂತ, ಡಾಕ್ಟರ್ ಹೇಳುವ ಮೊದಲೇ ಅದಕ್ಕೆ ಕೊಡುವ ಮದ್ದು ಅಟ್ರೋಪಿನ್ ಇರುವ ಟ್ರೇ ಎಳೆದುಕೊಳ್ಳುತ್ತಿದ್ದೆವು. ಸೀಮೆಎಣ್ಣೆ, ಫಿನಾಯಿಲ್, ಸಾರಾಯಿ, ಒಂದೊಂದಕ್ಕೂ ಒಂದೊಂದು ವಾಸನೆ. ನಮ್ಮ ಜೊತೆಗಿದ್ದ ಆಯಾ ಒಬ್ಬಳು ಬಾಗಿಲಲ್ಲಿ ನಿಂತೇ ಹೇಳಿಬಿಡುತ್ತಿದ್ದಳು. ತಪ್ಪಿದ್ದು ಕಡಿಮೆ.

2020ರ ಮಾರ್ಚ್ 25ರಿಂದ ಎಲ್ಲವೂ ಬದಲಾಯಿತು. ಮೊದಲ ವಾರ ಕ್ಯಾಶುವಾಲ್ಟಿ ಮದುವೆ ಮುಗಿದ ಛತ್ರದ ಹಾಗೆ ಇತ್ತು. ಆಕ್ಸಿಡೆಂಟ್ ಇಲ್ಲ, ಹೊಡೆದಾಟ ಇಲ್ಲ, ವಿಷವೂ ಇಲ್ಲ. ಒಂದೆರಡು ದಿನ ನೆಮ್ಮದಿ ಅನ್ನಿಸಿದ್ದು ಸುಳ್ಳಲ್ಲ. ಆಮೇಲೆ ಗೊತ್ತಾಯಿತು, ಕೇಸು ನಿಂತಿಲ್ಲ, ದಾರಿ ನಿಂತಿದೆ ಅಂತ. ಬಸ್ಸಿಲ್ಲ, ಆಟೋ ಇಲ್ಲ, ಚೆಕ್‌ಪೋಸ್ಟಿನಲ್ಲಿ ಪೊಲೀಸರಿಗೆ ವಿವರಿಸಬೇಕು, ಆಸ್ಪತ್ರೆಗೆ ಹೋದರೆ ಕೊರೊನಾ ಅಂಟುತ್ತದೆ ಅನ್ನುವ ಭಯ ಬೇರೆ. ಬಡವರು ಎಲ್ಲದಕ್ಕೂ ಓಡಿಹೋಗುತ್ತಿದ್ದ ವಿಕ್ಟೋರಿಯಾ ಆಸ್ಪತ್ರೆಯನ್ನು ಕೋವಿಡ್‌ಗೆ ಅಂತಲೇ ಮೀಸಲಿಟ್ಟಿದ್ದರು. ಬೇರೆ ದಾರಿ ಇರಲಿಲ್ಲ ನಿಜ. ಆದರೆ ಉಳಿದ ಕಾಯಿಲೆಯವರು ಎಲ್ಲಿಗೆ ಹೋಗಬೇಕು ಅಂತ ತಿಳಿಯದೆ ಮನೆಯಲ್ಲೇ ಹುಣಸೆ ನೀರು, ಉಪ್ಪು ನೀರು ಕುಡಿಸಿ, ಕೈ ಮೀರಿದ ಮೇಲೆ ಹೊರಡುತ್ತಿದ್ದರು. ಅರ್ಧ ಗಂಟೆಗೆ ಬರಬೇಕಾದವರು ಆರು ಗಂಟೆ ತಡವಾಗಿ ಬಂದರೆ ಅದೇ ವಿಷ ಬೇರೆಯೇ ವಿಷ ಆಗಿರುತ್ತದೆ.

ನಮ್ಮ ಮೂಗೂ ಹೋಗಿತ್ತು. ಎನ್-95 ಮಾಸ್ಕು, ಅದರ ಮೇಲೊಂದು ಸರ್ಜಿಕಲ್ ಮಾಸ್ಕು, ಮೇಲೆ ಫೇಸ್ ಶೀಲ್ಡು. ಒಳಗೆ ನಮ್ಮದೇ ಉಸಿರು, ನಮ್ಮದೇ ಬೆವರು. ಏಪ್ರಿಲ್‌ನಲ್ಲಿ ಒಂದು ದಿನ ಏದುಸಿರು ಬಿಡುತ್ತಿದ್ದ ಒಬ್ಬ ಹುಡುಗನನ್ನು ಕರೆತಂದರು. ಆ ದಿನಗಳಲ್ಲಿ ಏದುಸಿರು ಅಂದರೆ ಒಂದೇ ಅರ್ಥ. ಫೀವರ್ ಕ್ಲಿನಿಕ್ ಸಾಲಿನಲ್ಲಿ ಕೂರಿಸಿದರು. ಜೊತೆಗೆ ಬಂದ ಅಣ್ಣ ಬಾಯಿ ಬಿಡಲಿಲ್ಲ, ಪೊಲೀಸ್ ಕೇಸ್ ಆಗುತ್ತದೆ ಅಂತ ಹೆದರಿದ್ದ. ಹುಡುಗನ ಅಂಗಿಯ ಮುಂಭಾಗವೆಲ್ಲ ಜೊಲ್ಲಿನಿಂದ ಒದ್ದೆಯಾಗಿತ್ತು, ಅದನ್ನು ನೋಡಿ ನನಗೆ ಏನೋ ಅನುಮಾನ ಬಂತು. ಶೀಲ್ಡ್ ಮೇಲೆತ್ತಿ ಟಾರ್ಚ್ ಬಿಟ್ಟೆ. ಅದೇ ಸಾಸಿವೆ ಪಾಪೆ. ಮಾಮೂಲಿ ದಿನವಾಗಿದ್ದರೆ ಬಾಗಿಲಲ್ಲೇ ಗೊತ್ತಾಗುವ ಕೇಸು, ಅವತ್ತು ಮುಕ್ಕಾಲು ಗಂಟೆ ಸಾಲಿನಲ್ಲಿ ಕೂತಿತ್ತು. ಬದುಕಿದ, ಪುಣ್ಯ. ಪಿಪಿಇ ಕಿಟ್ ಹಾಕಿಕೊಂಡು ಸ್ಟಮಕ್ ವಾಶ್ ಮಾಡುವುದು ಎಂಥ ಹಿಂಸೆ ಅಂತ ಅದನ್ನು ಮಾಡಿದವರಿಗೇ ಗೊತ್ತು.

ಈಗ ಕುಡಿತದ ವಿಷಯಕ್ಕೆ ಬರುತ್ತೇನೆ. ಬಾರ್, ಎಂಆರ್‌ಪಿ ಅಂಗಡಿ ಎಲ್ಲ ಒಂದೇ ಏಟಿಗೆ ಮುಚ್ಚಿದವು. ತೆರೆದದ್ದು ಮೇ 4ಕ್ಕೆ. ಅವತ್ತು ಒಂದೇ ದಿನ ರಾಜ್ಯದಲ್ಲಿ ಸುಮಾರು 45 ಕೋಟಿ ರೂಪಾಯಿ ವ್ಯಾಪಾರ ಆಯಿತು ಅಂತ ಪತ್ರಿಕೆಗಳೆಲ್ಲ ಬರೆದವು, ಸಾಲಿನ ಫೋಟೋ ಹಾಕಿ ನಗಾಡಿದವು. ನಾನು ನಗಲಿಲ್ಲ. ನಡುವಿನ ನಲವತ್ತು ದಿನ ನಾವು ಕಂಡವರು ಬೇರೆ. ಇಪ್ಪತ್ತು ವರ್ಷದಿಂದ ದಿನಾ ಕುಡಿಯುತ್ತಿದ್ದವನಿಗೆ ಒಮ್ಮೆಲೇ ನಿಂತರೆ ಮೈ ನಡುಕ, ಫಿಟ್ಸ್, ಗೋಡೆ ಮೇಲೆ ಹಾವು ಹರಿದಾಡುತ್ತಿದೆ ಅಂತ ಕಿರುಚಾಟ. ಅದೂ ಒಂದು ಕಾಯಿಲೆ, ಅದಕ್ಕೂ ಔಷಧಿ ಇದೆ ಅಂತ ಎಷ್ಟು ಮನೆಯವರಿಗೆ ಗೊತ್ತಿತ್ತು? ಕೇರಳದಲ್ಲಿ ಡಾಕ್ಟರ್ ಚೀಟಿ ತಂದರೆ ಮದ್ಯ ಕೊಡುತ್ತೇವೆ ಅಂತ ಸರ್ಕಾರವೇ ಹೊರಟಿತ್ತು, ಹೈಕೋರ್ಟ್ ತಡೆಯಿತು. ಯಾರದು ಸರಿ ಅಂತ ನಾನು ಹೇಳಲಾರೆ. ಆದರೆ ಹಾಗೆ ಒದ್ದಾಡುವವನ ಕೈಗೆ ಸಿಕ್ಕುವಂತೆ ಮನೆಮನೆಯ ಟೀಪಾಯಿ ಮೇಲೆ ಶೇಕಡಾ 70-80 ಆಲ್ಕೋಹಾಲ್ ಅಂತ ದೊಡ್ಡದಾಗಿ ಬರೆದ ಸ್ಯಾನಿಟೈಸರ್ ಬಾಟಲಿ ಇತ್ತು. ರಮ್ಮಿನಲ್ಲಿ ಇರುವುದು 42.8. ಅವನು ಲೆಕ್ಕ ಹಾಕಿದ. ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ, ಬಾಟಲಿಯೊಳಗೆ ಏನಿದೆ ಅನ್ನುವುದರಲ್ಲಿ ತಪ್ಪಿತ್ತು.

ಯಾಕೆಂದರೆ ಆಲ್ಕೋಹಾಲ್ ಅನ್ನುವ ಹೆಸರಿನಲ್ಲಿ ಮೂರು ನಾಲ್ಕು ಬಗೆ ಇವೆ. ಕುಡಿಯುವುದು ಈಥೈಲ್. ಆಸ್ಪತ್ರೆಯಲ್ಲಿ ಕೈ ಒರೆಸಲು ಐಸೊಪ್ರೊಪೈಲ್ ಬಳಸುತ್ತಾರೆ. ಪೇಂಟು, ಪಾಲಿಶ್, ಫ್ಯಾಕ್ಟರಿಗಳಲ್ಲಿ ಬಳಸುವುದು ಮಿಥೈಲ್, ಅಗ್ಗದ್ದು, ನೋಡಲು ನೀರಿನ ಹಾಗೇ ಇರುತ್ತದೆ, ವಾಸನೆಯಲ್ಲೂ ದೊಡ್ಡ ವ್ಯತ್ಯಾಸ ಗೊತ್ತಾಗುವುದಿಲ್ಲ. ಮಿಥೈಲ್ ಕುಡಿದವನಿಗೆ ಮೊದಲ ಹತ್ತು ಹನ್ನೆರಡು ಗಂಟೆ ಏನೂ ಆಗದ ಹಾಗೇ ಇರುತ್ತದೆ. ಒಳಗೆ ಲಿವರ್ ಅದನ್ನು ಫಾರ್ಮಿಕ್ ಆಸಿಡ್ ಮಾಡುತ್ತಾ ಇರುತ್ತದೆ. ಆಮೇಲೆ ಹೊಟ್ಟೆನೋವು, ಉಸಿರಾಟ ಜೋರು, ಕಣ್ಣು ಮಂಜು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಆನೇಕಲ್, ಕೋಲಾರ, ಆ ಕಡೆ ತಮಿಳುನಾಡಿನ ಕೃಷ್ಣಗಿರಿವರೆಗೆ ಕಳ್ಳಬಟ್ಟಿ ಕುಡಿದು 150ಕ್ಕೂ ಹೆಚ್ಚು ಜನ ಸತ್ತರಲ್ಲ, ಸಾರಾಯಿ ನಿಷೇಧವಾಗಿ ಒಂದು ವರ್ಷ ತುಂಬಿರಲಿಲ್ಲ, ಆಗ ನನ್ನ ಡ್ಯೂಟಿಯಲ್ಲಿದ್ದ ಒಬ್ಬ ಗಾರೆ ಕೆಲಸದವನು ಬೆಳಗ್ಗೆ ಹತ್ತು ಗಂಟೆಗೆ, ಕಿಟಕಿಯಿಂದ ಬಿಸಿಲು ಅವನ ಮುಖದ ಮೇಲೇ ಬೀಳುತ್ತಿದ್ದಾಗ, 'ಸಿಸ್ಟರ್, ಲೈಟ್ ಯಾಕೆ ಹಾಕಿಲ್ಲ' ಅಂತ ಕೇಳಿದ. ನಾನು ಸುಮ್ನೆ ಅವನ ಕೈ ಹಿಡಿದುಕೊಂಡು ನಿಂತೆ. 1981ರ ಜುಲೈನಲ್ಲಿ ಇದೇ ಊರಿನಲ್ಲಿ 300ಕ್ಕೂ ಹೆಚ್ಚು ಜನ ಹೀಗೆ ಹೋದದ್ದನ್ನು ನಮ್ಮ ಸೀನಿಯರ್ ಸಿಸ್ಟರ್‌ಗಳು ಹೇಳುತ್ತಿದ್ದರು. ಬೆಂಗಳೂರಿಗೆ ಮಿಥೈಲ್ ಹೊಸದಲ್ಲ.

ಹಾಗಾಗಿಯೇ 2020ರಲ್ಲಿ ನನಗೆ ಸ್ಯಾನಿಟೈಸರ್ ಕಂಡರೆ ಭಯ. ರಾತ್ರೋರಾತ್ರಿ ಯಾರ‍್ಯಾರೋ ಅದನ್ನು ಮಾಡಲು ಶುರುಮಾಡಿದ್ದರು. 200 ಎಂಎಲ್‌ಗೆ 100 ರೂಪಾಯಿ ಅಂತ ಕೇಂದ್ರ ಸರ್ಕಾರ ಬೆಲೆಗೆ ಮಿತಿ ಹಾಕಿತು, ಒಳಗೆ ಏನಿದೆ ಅಂತ ನೋಡುವವರು ಯಾರು? ಮುಂಬೈಯ ಒಂದು ಗ್ರಾಹಕ ಸಂಸ್ಥೆ ಅದೇ ವರ್ಷ 122 ಸ್ಯಾಂಪಲ್ ತಂದು ಟೆಸ್ಟ್ ಮಾಡಿಸಿದಾಗ 45ರಲ್ಲಿ ಲೇಬಲಿನ ಮೇಲೆ ಇದ್ದದ್ದು ಒಳಗೆ ಇರಲಿಲ್ಲ, 5ರಲ್ಲಿ ಮಿಥೈಲ್ ಇತ್ತು. ಜುಲೈ ಕೊನೆಗೆ ಆಂಧ್ರದ ಪ್ರಕಾಶಂ ಜಿಲ್ಲೆಯ ಕುರಿಚೇಡು ಅನ್ನುವ ಊರಿನಲ್ಲಿ ಹತ್ತಕ್ಕೂ ಹೆಚ್ಚು ಜನ ಸ್ಯಾನಿಟೈಸರ್ ಕುಡಿದೇ ಸತ್ತರು. ಕೊರೊನಾ ಅಂತ ಅಲ್ಲಿ ಮದ್ಯದಂಗಡಿ ಮುಚ್ಚಿದ್ದರು. ಅದೇ ಹೊತ್ತಿಗೆ ಪಂಜಾಬಿನಲ್ಲಿ ಕಳ್ಳಭಟ್ಟಿಗೆ ನೂರಕ್ಕೂ ಹೆಚ್ಚು ಜನ ಬಲಿಯಾದರು. ಎಲ್ಲಕ್ಕಿಂತ ಘೋರ ಇರಾನಿನದು. ಅಲ್ಲಿ ಮದ್ಯಕ್ಕೇ ನಿಷೇಧ. ಆಲ್ಕೋಹಾಲ್ ಕುಡಿದರೆ ವೈರಸ್ ಸಾಯುತ್ತದೆ ಅಂತ ಯಾರೋ ಮೊಬೈಲಿನಲ್ಲಿ ಹರಿಬಿಟ್ಟರು. ಕುಡಿಯಬಾರದು ಅಂತ ಗೊತ್ತಾಗಲಿ ಅಂತಲೇ ಅಲ್ಲಿ ಮಿಥೈಲ್‌ಗೆ ಬಣ್ಣ ಹಾಕುವ ನಿಯಮ ಇದೆಯಂತೆ, ಕಳ್ಳ ವ್ಯಾಪಾರಿಗಳು ಬ್ಲೀಚ್ ಹಾಕಿ ಆ ಬಣ್ಣವನ್ನೇ ತೆಗೆದು ಮಾರಿದರು. ಫೆಬ್ರವರಿ ಕೊನೆಯಿಂದ ಏಪ್ರಿಲ್ ಕೊನೆಯೊಳಗೆ ಏಳುನೂರಕ್ಕೂ ಹೆಚ್ಚು ಜನ ಸತ್ತರು, ಇನ್ನೆಷ್ಟೋ ಜನರ ಕಣ್ಣು ಹೋಯಿತು. ಕೊರೊನಾಕ್ಕೆ ಹೆದರಿ ಮದ್ದು ಅಂತ ಕುಡಿದವರು ಅವರು.

ಮದ್ದಿನ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ನಮ್ಮ ಮುಳಬಾಗಿಲಿನ ಆಚೆಗೆ ಗಡಿ ದಾಟಿದರೆ ಚಿತ್ತೂರು ಜಿಲ್ಲೆ. 2020ರ ಏಪ್ರಿಲ್‌ನಲ್ಲಿ ಅಲ್ಲಿ ಒಂದು ಹತ್ತು ಜನ ದತ್ತೂರಿ ಬೀಜ ಅರೆದು ಕುಡಿದು ಆಸ್ಪತ್ರೆ ಸೇರಿದರು. ಟಿಕ್‌ಟಾಕ್‌ನಲ್ಲಿ ಯಾರೋ ಹೇಳಿದ್ದರಂತೆ. ದತ್ತೂರಿ ಕಾಯಿ ನೋಡಿದ್ದೀರಲ್ಲ, ಉಂಡೆಗೆ ಸುತ್ತಲೂ ಮುಳ್ಳು, ಟಿವಿಯವರು ತೋರಿಸುತ್ತಿದ್ದ ವೈರಸ್ಸಿನ ಚಿತ್ರದ ಹಾಗೇ ಇದೆ. ಅಷ್ಟು ಸಾಕು ಜನಕ್ಕೆ. ಅಮೃತಬಳ್ಳಿ ಕಷಾಯವನ್ನು ತಿಂಗಳುಗಟ್ಟಲೆ ಕುಡಿದು ಲಿವರ್ ಕೆಟ್ಟವರ ಬಗ್ಗೆ ಮುಂಬೈಯ ಡಾಕ್ಟರುಗಳು 2021ರಲ್ಲಿ ಬರೆದರು, ಆಯುಷ್ ಸಚಿವಾಲಯ ಒಪ್ಪಲಿಲ್ಲ. ಆ ಜಗಳದೊಳಗೆ ನಾನು ಹೋಗುವುದಿಲ್ಲ, ಕಷಾಯ ನಾನೂ ಕುಡಿದಿದ್ದೇನೆ. ನಾನು ಹೇಳುವುದು ಅಳತೆಯ ವಿಷಯ. ನಮ್ಮ ಬೀದಿಯಲ್ಲೇ ಒಬ್ಬರು ಒಳ್ಳೆಯದು ಅಂತ ದಿನಕ್ಕೆ ನಾಲ್ಕು ಲೋಟ ಕುಡಿಯುತ್ತಿದ್ದರು. ಜ್ವರದ 650ರ ಮಾತ್ರೆಯದೂ ಇದೇ ಕಥೆ. ಆ ಮಾತ್ರೆ ಒಂದು ಕಡೆ, ನೆಗಡಿ ಮಾತ್ರೆ ಇನ್ನೊಂದು ಕಡೆ, ಎರಡರಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ ಅಂತ ಸ್ಟ್ರಿಪ್ಪಿನ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿರುತ್ತಾರೆ. ಮಲೇರಿಯಾದ ಹೈಡ್ರಾಕ್ಸಿಕ್ಲೋರೋಕ್ವಿನ್ ಅನ್ನಂತೂ ಜನ ಮಂಡಕ್ಕಿ ಥರ ತಂದು ಡಬ್ಬಿ ತುಂಬಿದರು, ಮಾರ್ಚ್ 26ಕ್ಕೆ ಸರ್ಕಾರ ಚೀಟಿ ಇಲ್ಲದೆ ಮಾರಬೇಡಿ ಅಂತ ಬಿಗಿ ಮಾಡಬೇಕಾಯಿತು. ಅಮೆರಿಕದ ಅರಿಜೋನಾದಲ್ಲಿ ಒಬ್ಬ ಮೀನಿನ ತೊಟ್ಟಿ ಶುಚಿ ಮಾಡುವ ಪುಡಿಯಲ್ಲಿ ಕ್ಲೋರೋಕ್ವಿನ್ ಇದೆ ಅಂತ ಅದನ್ನೇ ತಿಂದು ಸತ್ತ. ಓದುಬರಹ ಬಂದವರಿಗೆ ಹೀಗಾಗಲ್ಲ ಅಂತ ಯಾರೂ ಬೀಗುವ ಹಾಗಿಲ್ಲ.

ಬೀಗಿದವಳು ನಾನೇ. ನಮ್ಮ ಮನೆಯ ಕಥೆ ಕೇಳಿ.

ನಮ್ಮ ಬೀದಿಗೆ ವಾರಕ್ಕೊಮ್ಮೆ ಮೊಪೆಡ್ ಮೇಲೆ ಒಬ್ಬ ಬರುತ್ತಾನೆ. 'ಫಿನಾಯ್ಲ್, ಆಸಿಡ್, ಬ್ಲೀಚಿಂಗ್ ಪೌಡರ್' ಅಂತ ಕೂಗು. ಲಾಕ್‌ಡೌನಿನಲ್ಲಿ ಅವನ ಕ್ಯಾನಿನಲ್ಲಿ ಬ್ಲೀಚ್ ದ್ರಾವಣವೂ ಬಂತು, ಲೀಟರ್ ಲೆಕ್ಕದಲ್ಲಿ. ನಮ್ಮ ಯಜಮಾನರು ಅದನ್ನು ಕುಡಿಯುವ ನೀರಿನ ಖಾಲಿ ಬಾಟಲಿಗೆ ತುಂಬಿಸಿಕೊಂಡು, ಲೇಬಲ್ ಕೂಡ ಕೀಳದೆ, ಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಟ್ಟರು. ಹಾಲಿನ ಪ್ಯಾಕೆಟ್ ಒರೆಸಲು, ಗೇಟಿನ ಚಿಲಕ ಒರೆಸಲು ಕೈಗೆ ಸಿಗಲಿ ಅಂತ. ನಾನು ಎರಡು ಸಲ ನೋಡಿದ್ದೆ. ಡ್ಯೂಟಿಗೆ ಹೋಗುವ ಅವಸರ, ಬಂದಮೇಲೆ ಹೇಳೋಣ ಅಂತ ಬಿಟ್ಟೆ. ಜೂನ್‌ನಲ್ಲಿ ಒಂದು ಸಂಜೆ ನಾಲ್ಕೂವರೆ ವರ್ಷದ ಮೊಮ್ಮಗ ಟೆರೇಸಿನಲ್ಲಿ ಆಡಿ ಬಾಯಾರಿ ಬಂದವನು ಅದನ್ನೇ ಎತ್ತಿ ಬಾಯಿಗಿಟ್ಟ. ಸ್ಕೂಲಿಲ್ಲ, ಅಂಗನವಾಡಿ ಇಲ್ಲ, ಮಕ್ಕಳೆಲ್ಲ ಇಡೀ ದಿನ ಮನೆಯಲ್ಲೇ, ದೊಡ್ಡವರು ಲ್ಯಾಪ್‌ಟಾಪ್ ಮುಂದೆ. ಅದೇ ಆ ಕಾಲದ ಮನೆ.

ಸೊಸೆ ವಾರ್ಡಿನ ಲ್ಯಾಂಡ್‌ಲೈನಿಗೆ ಫೋನ್ ಮಾಡಿದಳು. 'ಅತ್ತೆ, ಪಕ್ಕದ ಮನೆ ಆಂಟಿ ಉಪ್ಪು ನೀರು ಕಲಸ್ತಿದಾರೆ, ವಾಂತಿ ಮಾಡಿಸ್ಲಾ?' ನಾನು ಕಿರುಚಿದ್ದಕ್ಕೆ ಇಡೀ ವಾರ್ಡು ತಿರುಗಿ ನೋಡಿತು. ವಾಂತಿ ಮಾಡಿಸಬಾರದು. ಬ್ಲೀಚ್, ಆಸಿಡ್, ಸೀಮೆಎಣ್ಣೆ ಇವೆಲ್ಲ ಇಳಿಯುವಾಗ ಒಂದು ಸಲ ಸುಟ್ಟಿರುತ್ತವೆ, ಹತ್ತುವಾಗ ಇನ್ನೊಂದು ಸಲ ಸುಡುತ್ತವೆ, ಸೀಮೆಎಣ್ಣೆಯಂತೂ ಶ್ವಾಸಕೋಶಕ್ಕೆ ಹೋಗಿ ಕೂರುತ್ತದೆ. ಉಪ್ಪು ನೀರೇ ಚಿಕ್ಕ ಮಕ್ಕಳಿಗೆ ಅಪಾಯ, ರಕ್ತದಲ್ಲಿ ಸೋಡಿಯಂ ಏರಿಬಿಡುತ್ತದೆ. ಬಾಯಿ ಮುಕ್ಕಳಿಸಿ ಉಗಿಸು, ಎರಡು ಗುಟುಕು ತಣ್ಣೀರು ಕುಡಿಸು, ಬಾಟಲಿ ಎತ್ತಿಟ್ಟುಕೋ, ಬಾಟಲಿ ಸಮೇತ ಕರೆದುಕೊಂಡು ಬಾ ಅಂದೆ. ದ್ರಾವಣ ತೆಳುವಾಗಿತ್ತು, ಅವನು ಒಂದೇ ಗುಟುಕಿಗೆ ಉಗಿದಿದ್ದ. ಎರಡು ದಿನ ತುಟಿ ಕೆಂಪಗಿತ್ತು, ಅಷ್ಟೇ. ಯಜಮಾನರು ಒಂದು ವಾರ ನನ್ನ ಮುಖ ನೋಡಲಿಲ್ಲ. ನಾನೂ ಅವರನ್ನು ಬಯ್ಯಲಿಲ್ಲ, ಎರಡು ಸಲ ನೋಡಿ ಸುಮ್ಮನಿದ್ದವಳು ಯಾವ ಬಾಯಲ್ಲಿ ಬಯ್ಯಲಿ?

ಅವತ್ತಿನಿಂದ ನನಗೆ ಒಂದೇ ಯೋಚನೆ. ನನ್ನ ಸೊಸೆಗೆ ಕ್ಯಾಶುವಾಲ್ಟಿಯಲ್ಲಿ ಅತ್ತೆ ಇದ್ದಳು. ಪಕ್ಕದ ಮನೆಯವರು ಯಾರಿಗೆ ಫೋನ್ ಮಾಡಬೇಕು?

ಅಮೆರಿಕದಲ್ಲಿ ಇದಕ್ಕೆ ಉತ್ತರ ಇದೆ. 1953ರಲ್ಲಿ ಶಿಕಾಗೋದಲ್ಲಿ ಮೊದಲ ವಿಷ ಮಾಹಿತಿ ಕೇಂದ್ರ ಶುರುವಾಯಿತು. ಈಗ ಇಡೀ ದೇಶಕ್ಕೆ ಒಂದೇ ನಂಬರು. ಮಗು ಏನೋ ನುಂಗಿತು ಅಂದರೆ ತಾಯಿ ಮೊದಲು ಅಲ್ಲಿಗೆ ಫೋನ್ ಮಾಡುತ್ತಾಳೆ, ಆ ಕಡೆಯಿಂದ ತಿಳಿದವರು ಮಾತಾಡುತ್ತಾರೆ, ಅರ್ಧಕ್ಕರ್ಧ ಜನ ಆಸ್ಪತ್ರೆಗೆ ಓಡುವ ಅಗತ್ಯವೇ ಇರುವುದಿಲ್ಲ. ಜೊತೆಗೆ ಇನ್ನೊಂದು ಲಾಭ. ಪ್ರತಿ ಕರೆಯೂ ದಾಖಲಾಗುತ್ತದೆ. ಹಾಗಾಗಿ 2020ರ ಏಪ್ರಿಲ್‌ನಲ್ಲೇ, ಕೊರೊನಾ ಇನ್ನೂ ಏರುತ್ತಿದ್ದಾಗಲೇ, ಅಲ್ಲಿಯ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಲೆಕ್ಕ ಕೊಟ್ಟಿತು. ಜನವರಿಯಿಂದ ಮಾರ್ಚ್‌ವರೆಗೆ ಸೋಪು, ಕ್ಲೀನರ್, ಬ್ಲೀಚ್, ಸ್ಯಾನಿಟೈಸರ್ ಥರದ್ದಕ್ಕೆ ಸಂಬಂಧಿಸಿ 45,550 ಕೇಸು, ಹಿಂದಿನ ವರ್ಷದ ಅದೇ ಮೂರು ತಿಂಗಳಿಗಿಂತ ಶೇಕಡಾ 20ರಷ್ಟು ಜಾಸ್ತಿ. ಅದರಲ್ಲಿ ಒಬ್ಬ ಹೆಂಗಸು ಅಂಗಡಿಯಿಂದ ತಂದ ತರಕಾರಿಯನ್ನು ಸಿಂಕಿನಲ್ಲಿ ಬ್ಲೀಚು, ವಿನೆಗರು, ಬಿಸಿನೀರು ಸೇರಿಸಿ ನೆನೆಹಾಕಿದ್ದಳು. ಕ್ಲೋರಿನ್ ಗ್ಯಾಸ್ ಎದ್ದು ಉಸಿರುಗಟ್ಟಿತು. ನಮ್ಮಲ್ಲಿ ಎಷ್ಟು ಬಚ್ಚಲುಮನೆಯಲ್ಲಿ ಒಂದು ಕೈಯಲ್ಲಿ ಬ್ಲೀಚು, ಇನ್ನೊಂದು ಕೈಯಲ್ಲಿ ಟಾಯ್ಲೆಟ್ ಆಸಿಡು, ಎರಡೂ ಹಾಕಿದರೆ ಎರಡು ಪಟ್ಟು ಕ್ಲೀನು ಅಂತ ಬಾಗಿಲು ಹಾಕಿಕೊಂಡು ಉಜ್ಜಿದ್ದಾರೋ! ಕೆಮ್ಮಿಕೊಂಡು ಬಂದವರನ್ನು ಕೊರೊನಾ ಅಂತ ಸ್ವಾಬ್ ತೆಗೆದು ಕಳಿಸಿದ್ದು ನನಗೆ ನೆನಪಿದೆ, ಬಚ್ಚಲು ತೊಳೆದಿರಾ ಅಂತ ಕೇಳಬೇಕು ಅಂತ ನಮಗೂ ಆಮೇಲೇ ಹೊಳೆದದ್ದು.

ಸರ್ಕಾರಗಳೇ ಇಂಥದ್ದನ್ನು ಜನರ ಮೇಲೆ ಸಿಂಪಡಿಸಿದ ಕಾಲ ಅದು. ಉತ್ತರ ಪ್ರದೇಶದ ಬರೇಲಿಯಲ್ಲಿ ಊರಿಗೆ ಮರಳಿದ ಕೂಲಿಯವರನ್ನು ರಸ್ತೆ ಮೇಲೆ ಕೂರಿಸಿ ಬ್ಲೀಚ್ ನೀರು ಹಾಯಿಸಿದರು. ತಿರುಪ್ಪೂರಿನ ಮಾರ್ಕೆಟ್ಟಿನಲ್ಲಿ ಸುರಂಗ ಮಾಡಿ ಸಿಂಪಡಿಸಿದ್ದನ್ನು ನೋಡಿ ಬೇರೆ ಊರುಗಳೂ ನಕಲು ಮಾಡಿದವು. ಮನುಷ್ಯರ ಮೇಲೆ ಹೊಡೆಯಬೇಡಿ ಅಂತ ಕೇಂದ್ರ ಆರೋಗ್ಯ ಸಚಿವಾಲಯ ಹೇಳಿದ್ದು ಏಪ್ರಿಲ್ 18ಕ್ಕೆ. ವಿಶಾಖಪಟ್ಟಣದಲ್ಲಿ ಲಾಕ್‌ಡೌನಿಗೆ ಮುಚ್ಚಿದ್ದ ಕಾರ್ಖಾನೆ ಮತ್ತೆ ಶುರುವಾಗುವ ಹೊತ್ತಿಗೆ, ಮೇ 7ರ ಬೆಳಗಿನ ಜಾವ, ಟ್ಯಾಂಕಿನಿಂದ ಪ್ಲಾಸ್ಟಿಕ್ ಮಾಡಲು ಬಳಸುವ ಸ್ಟೈರೀನ್ ಅನ್ನುವ ರಾಸಾಯನಿಕ ಸೋರಿ 12 ಜನ ಸತ್ತರು. ಇದನ್ನೆಲ್ಲ ನಾವು ಬಿಡಿಬಿಡಿ ಸುದ್ದಿಯಾಗಿ ಓದಿ ಮರೆತೆವು. ಒಂದೇ ದಾರದಲ್ಲಿ ಪೋಣಿಸಿ ನೋಡಿದವರು ಕಡಿಮೆ.

ಬೇಕು ಅಂತಲೇ ಕುಡಿದವರ ಬಗ್ಗೆ ಜಾಸ್ತಿ ಬರೆಯಲು ಮನಸ್ಸಿಲ್ಲ. ಆದರೆ ಬಿಟ್ಟರೆ ಪತ್ರ ಸುಳ್ಳಾಗುತ್ತದೆ. ವಿಷವೊಂದೇ ಅಲ್ಲ, ಎಲ್ಲ ಬಗೆಯೂ ಸೇರಿ 2019ರಲ್ಲಿ ದೇಶದಲ್ಲಿ 1,39,123 ಜನ ತಾವಾಗಿಯೇ ಜೀವ ಕಳೆದುಕೊಂಡಿದ್ದರು, 2020ರಲ್ಲಿ 1,53,052. ಇದು ಸರ್ಕಾರದ್ದೇ ಲೆಕ್ಕ, ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆ ಎನ್‌ಸಿಆರ್‌ಬಿಯದು. 2020ರವರಲ್ಲಿ ಹೆಚ್ಚುಕಮ್ಮಿ ನಾಲ್ವರಲ್ಲಿ ಒಬ್ಬರು ದಿನಗೂಲಿಯವರು. ನಮ್ಮಲ್ಲಿಗೆ ಬಂದ ಒಬ್ಬ ಆಟೋ ಚಾಲಕರು ಹುಷಾರಾದ ಮೇಲೆ ಹೇಳಿದ್ದು, 'ಸಾಯ್ಬೇಕು ಅಂತ ಇರ್ಲಿಲ್ಲ ಸಿಸ್ಟರ್, ಆ ಹೊತ್ತು ಹಾಗನ್ನಿಸ್ತು ಅಷ್ಟೆ'. ಇಂಥ ಮಾತನ್ನು ನಾನು ನೂರಾರು ಸಲ ಕೇಳಿದ್ದೇನೆ. ಆ ಹೊತ್ತು ದಾಟಿಸಿಬಿಟ್ಟರೆ ಮನುಷ್ಯ ಉಳಿಯುತ್ತಾನೆ. ಅಂಥ ಹೊತ್ತಿಗೆ ಈಗ 14416 ಇದೆ, ಮನಸ್ಸಿನ ಕಷ್ಟ ಹೇಳಿಕೊಳ್ಳಲು ಇರುವ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್, 2022ರಲ್ಲಿ ಶುರುವಾದದ್ದು, ನಮ್ಮ ನಿಮ್ಹಾನ್ಸ್ ಅದರ ಬೆನ್ನಿಗಿದೆ. ದಯವಿಟ್ಟು ಇದನ್ನೂ ಅಚ್ಚು ಹಾಕಿ.

ಇನ್ನು ನನ್ನ ದೂರು. 2020ರಲ್ಲಿ ಸಂಜೆ ಆದರೆ ಆರೋಗ್ಯ ಇಲಾಖೆಯ ಬುಲೆಟಿನ್ ಬರುತ್ತಿತ್ತು, ನೆನಪಿದೆಯಾ? ಪಿ-1, ಪಿ-2 ಅಂತ ಒಬ್ಬೊಬ್ಬ ರೋಗಿಗೂ ನಂಬರು. ಯಾವ ಜಿಲ್ಲೆ, ಎಷ್ಟು ವಯಸ್ಸು, ಯಾರಿಂದ ಬಂತು, ಎಲ್ಲ ಇರುತ್ತಿತ್ತು. ಮನಸ್ಸು ಮಾಡಿದರೆ ಎಣಿಸಲು ನಮಗೆ ಚೆನ್ನಾಗಿ ಬರುತ್ತದೆ ಅಂತಾಯಿತಲ್ಲ. ವಿಷದ ಕೇಸುಗಳನ್ನು ಎಣಿಸಲು ಹೊಸ ಯಂತ್ರವೇನೂ ಬೇಕಿಲ್ಲ. ಪ್ರತಿ ವಿಷದ ಕೇಸೂ ಎಂಎಲ್‌ಸಿ, ಅಂದರೆ ಕಾನೂನಿಗೆ ಸಂಬಂಧಪಟ್ಟ ಆಸ್ಪತ್ರೆ ಕೇಸು, ಪೊಲೀಸರಿಗೆ ತಿಳಿಸಲೇಬೇಕು, ಪುಸ್ತಕದಲ್ಲಿ ಬರೆಯಲೇಬೇಕು. ಉದ್ದನೆಯ ಆ ರಿಜಿಸ್ಟರಿನಲ್ಲಿ ನಾನೇ ಎಷ್ಟು ವರ್ಷ ಗೀಟು ಹಾಕಿ ಬರೆದಿದ್ದೇನೆ. ಪುಸ್ತಕ ತುಂಬುತ್ತದೆ, ರೆಕಾರ್ಡ್ ರೂಮಿಗೆ ಹೋಗುತ್ತದೆ, ಗೆದ್ದಲು ಓದುತ್ತದೆ. ಅದರಲ್ಲಿ 'ಅಪರಿಚಿತ ದ್ರವ' ಅಂತ ಬರೆದದ್ದೆಷ್ಟು ಗೊತ್ತಾ? ಯಾಕೆಂದರೆ ಮನೆಯವರು ಬಾಟಲಿ ತಂದಿರುವುದಿಲ್ಲ, ತಂದರೂ ಬಾಟಲಿ ಮೇಲೆ ಇರುವುದು ಯಾವುದೋ ಕೂಲ್ ಡ್ರಿಂಕ್ಸ್ ಹೆಸರು. ಆ ಪುಸ್ತಕಗಳನ್ನು ಊರಿನ ದೊಡ್ಡ ಆಸ್ಪತ್ರೆಗಳು ತಿಂಗಳಿಗೊಮ್ಮೆ ಒಟ್ಟು ಕೂಡಿಸಿ, ಹೆಸರು ಬಿಟ್ಟು, ಏನು ಕುಡಿದದ್ದು, ಎಷ್ಟು ವಯಸ್ಸು, ಎಷ್ಟು ಹೊತ್ತಿಗೆ ಬಂದದ್ದು, ಇಷ್ಟನ್ನು ಪ್ರಕಟಿಸಿದರೆ ಸಾಕು. ಮುಂದಿನ ಸಲ ಇಂಥದ್ದೇನಾದರೂ ಬಂದು ಊರು ಮುಚ್ಚಿದಾಗ ಯಾವ ವಿಷ ಏರುತ್ತಿದೆ ಅಂತ ಎರಡೇ ವಾರದಲ್ಲಿ ಕಾಣುತ್ತದೆ. ಮದ್ಯದಂಗಡಿ ಮುಚ್ಚುವ ಆದೇಶದ ಜೊತೆಗೇ ಕುಡಿತ ಬಿಡಿಸುವ ಮಾತ್ರೆ ಎಲ್ಲಿ ಸಿಗುತ್ತದೆ ಅಂತಲೂ ಹೊರಡಿಸಬಹುದು.

ಇನ್ನೊಂದು, ಕನ್ನಡದಲ್ಲಿ ಮಾತಾಡುವ ಒಂದು ವಿಷ ಸಹಾಯವಾಣಿ. ನಮ್ಮಲ್ಲೂ ಕೆಲವು ಆಸ್ಪತ್ರೆ, ಫಾರ್ಮಸಿ ಕಾಲೇಜುಗಳಲ್ಲಿ ಮಾಹಿತಿ ಕೇಂದ್ರಗಳಿವೆ, ಡಾಕ್ಟರುಗಳು ಕೇಳಿ ತಿಳಿದುಕೊಳ್ಳುತ್ತಾರೆ. ಆದರೆ ನಮ್ಮ ಬೀದಿಯಲ್ಲಿ ಯಾರನ್ನಾದರೂ ಕೇಳಿ ನೋಡಿ, ಒಬ್ಬರಿಗಾದರೂ ನಂಬರ್ ಗೊತ್ತಿದ್ದರೆ ಹೇಳಿ. 108 ಎಲ್ಲರಿಗೂ ಬಾಯಿಪಾಠ. ಅದೇ 108ರಲ್ಲಿ ಒಂದು ಮೇಜು ವಿಷಕ್ಕೆ ಅಂತ ಇಟ್ಟರೆ ಆಗುವುದಿಲ್ಲವೇ? ಅಲ್ಲಿಯವರೆಗೆ ದೆಹಲಿ ಏಮ್ಸ್‌ನಲ್ಲಿ 1995ರಿಂದ ಇರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ನಂಬರನ್ನೇ ಬರೆದಿಟ್ಟುಕೊಳ್ಳಿ: 1800 116 117. ಹಗಲು ರಾತ್ರಿ ಇರುತ್ತದೆ, ದುಡ್ಡು ಬೀಳುವುದಿಲ್ಲ. ಇದನ್ನು ಚೌಕ ಹಾಕಿ ದಪ್ಪ ಅಕ್ಷರದಲ್ಲಿ ಹಾಕಿ ಸಂಪಾದಕರೇ, ಜನ ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿಕೊಳ್ಳಲಿ. ಅಚ್ಚಿನಲ್ಲಿ ಒಂದು ಅಂಕಿಯೂ ತಪ್ಪದ ಹಾಗೆ ನೋಡಿಕೊಳ್ಳಿ.

ಮೊಪೆಡ್ಡಿನವನು ಮೊನ್ನೆ ಗುರುವಾರವೂ ಬಂದಿದ್ದ. ಆಸಿಡ್ ಮಾರುವವರು ಕೊಂಡವರ ಹೆಸರು ವಿಳಾಸ ಬರೆದಿಡಬೇಕು ಅಂತ 2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಇವನ ಹತ್ತಿರ ಪುಸ್ತಕವೂ ಇಲ್ಲ, ಪೆನ್ನೂ ಇಲ್ಲ. ಕಿತ್ತಳೆ ಜ್ಯೂಸಿನ ಬಾಟಲಿಯಲ್ಲಿ ಕಿತ್ತಳೆ ಬಣ್ಣದ್ದೇ ನೆಲ ಒರೆಸುವ ಲಿಕ್ವಿಡ್ ಇತ್ತು. 'ಇದಕ್ಕೊಂದು ಚೀಟಿನಾದ್ರೂ ಅಂಟಿಸಪ್ಪಾ' ಅಂದೆ. 'ವಾಸನೆ ನೋಡಿದ್ರೆ ಗೊತ್ತಾಗಲ್ವಾ ಅಜ್ಜಿ' ಅಂದ. ಅವನ ಮೇಲೆ ಸಿಟ್ಟು ಬರಲಿಲ್ಲ, ದಿನದ ದುಡಿಮೆ ಅವನದು. ನಾನೇ ಒಂದು ಮಾರ್ಕರ್ ಪೆನ್ನು ಕೊಟ್ಟು, ಎಲ್ಲ ಬಾಟಲಿ ಮೇಲೂ ಗುಣಾಕಾರದ ಗುರುತು ಹಾಕಿಸಿದೆ. ಹದಿನಾಲ್ಕು ಬಾಟಲಿ ಆಯಿತು. ಮುಂದಿನ ಗುರುವಾರ ನೋಡಬೇಕು.

ನನ್ನ ಹೆಸರು ಹಾಕಬೇಡಿ. ಚಪ್ಪಲಿ ಸ್ಟ್ಯಾಂಡಿನ ಕಥೆ ಓದಿದರೆ ಯಾರ ಮನೆ ಅಂತ ಬೀದಿಗೆಲ್ಲ ಗೊತ್ತಾಗುತ್ತದೆ, ನಮ್ಮ ಯಜಮಾನರು ಮತ್ತೆ ಒಂದು ವಾರ ಮಾತು ಬಿಡುತ್ತಾರೆ.

ಇತಿ,
ಒಬ್ಬ ನಿವೃತ್ತ ಸ್ಟಾಫ್ ನರ್ಸ್,
ಬೆಂಗಳೂರು